ಬಿಳಿ ಪಟ್ಟೆ ಉಳಿಯಬೇಕಾ? ಗೆಣ್ಣು ನೋಡಿ
ಶಿರಸಿಯ ನಮ್ಮ ಜಗಲಿಯಲ್ಲಿರುವ ಮಾನ್ಸ್ಟೆರಾ ಆಲ್ಬೊ ಎಂಬ ಬಿಳಿ ಪಟ್ಟೆ ಎಲೆಯ ಅಲಂಕಾರದ ಗಿಡ ನೋಡಿದವರೆಲ್ಲ ಒಂದು ತುಂಡು ಕೇಳುತ್ತಾರೆ. ಕೊಡುವಾಗ ನಾನು ಎಲೆ ನೋಡುವುದಿಲ್ಲ, ಗೆಣ್ಣು ನೋಡುತ್ತೇನೆ. ಅಲ್ಲಿನ ಕಣ್ಣಿಗೆ, ಅಂದರೆ ಚಿಗುರು ಒಡೆಯುವ ಮೊಗ್ಗಿಗೆ, ತಾಗಿಯೇ ಬಿಳಿ ಗೆರೆ ಹಾದಿರಬೇಕು. ಈ ಗಿಡದಲ್ಲಿ ಹಸಿರು ಕೋಶ, ಬಿಳಿ ಕೋಶ ಎರಡೂ ಒಟ್ಟಿಗೆ ಬೆಳೆಯುತ್ತವೆ. ಕಣ್ಣಲ್ಲಿ ಬರೀ ಹಸಿರಿದ್ದರೆ ಚಿಗುರೂ ಬರೀ ಹಸಿರು.

ಮೇಲಿಂದ ಮೇಲೆ ಹಸಿರೆಲೆಯೇ ಬಂದರೆ, ಕೊನೆಯ ಪಟ್ಟೆ ಎಲೆಯ ಗೆಣ್ಣಿನ ಮೇಲಕ್ಕೆ ಕತ್ತರಿಸಿ. ಪೂರ್ತಿ ಬಿಳಿ ಬಂದರೂ ಹಾಗೇ. ಪತ್ರಹರಿತ್ತು ಇಲ್ಲದ ಎಲೆ ಉಣ್ಣುತ್ತದೆ, ಅಡುಗೆ ಮಾಡುವುದಿಲ್ಲ. ನಮ್ಮ ಮಳೆಗಾಲದಲ್ಲಿ ಬೇಗ ಕೊಳೆಯುವುದೂ ಅದೇ.

ಸ್ನೇಕ್ ಪ್ಲಾಂಟಿನ ಹಳದಿ ಅಂಚು ಬೇಕಾದರೆ ಎಲೆ ತುಂಡು ಊರಬೇಡಿ, ಬುಡ ಸೀಳಿ ನೆಡಿ. ಗುಲಾಬಿ ಎಲೆಯ ಗಿಡ ಎಂದು ಮಾರುವ ಪಿಂಕ್ ಕಾಂಗೋಗಂತೂ ಸುಮ್ನೆ ದುಡ್ಡು ಹಾಕಬೇಡಿ. ಅದು ರಾಸಾಯನಿಕದಿಂದ ತರಿಸಿದ ಬಣ್ಣ, ಆಮೇಲಿನ ಎಲೆಗಳು ಹಸಿರಾಗಿಯೇ ಬರುತ್ತವೆ.