ಎಂಟು ಜಿಬಿ ಹಾಕಿಸಿದರೂ ನಾಲ್ಕೇ ತೋರಿಸುತ್ತಿದೆಯೇ?

ಹಳೇ ಡೆಸ್ಕ್‌ಟಾಪಿಗೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸಿ ತಂದಿರುತ್ತೀರಿ. ಆನ್ ಮಾಡಿದರೆ ಮೊದಲಿನಂತೆಯೇ ತೆವಳುತ್ತದೆ. ಅಂಗಡಿಯವರ ಜೊತೆ ಜಗಳಕ್ಕೆ ಹೊರಡುವ ಮುಂಚೆ, ಎಷ್ಟು ಮೆಮೊರಿ ಕಾಣೆಯಾಗಿದೆ ಎಂದು ನೋಡಿ. ಅರ್ಧ ಉತ್ತರ ಆ ಲೆಕ್ಕದಲ್ಲೇ ಇರುತ್ತದೆ.

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್‌ಗೆ ಹೋಗಿ. 8 ಜಿಬಿಯಲ್ಲಿ 7.8 ಬಳಕೆಗೆ ಸಿಗುತ್ತದೆ ಎಂದಿದ್ದರೆ ಚಿಂತೆ ಬೇಡ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಪರದೆಯ ಕೆಲಸಕ್ಕೂ ಸ್ವಲ್ಪ ರ‍್ಯಾಮ್ ಹೋಗುತ್ತದೆ.

3.2 ಅಥವಾ 3.5 ಎಂದಿದೆಯೇ? ಹಾಗಾದರೆ ಅದೇ ಪುಟದಲ್ಲಿ ಸಿಸ್ಟಂ ಟೈಪ್ ಓದಿ. 32 ಬಿಟ್ ವಿಂಡೋಸ್ ಇದ್ದರೆ ತಪ್ಪು ರ‍್ಯಾಮ್‌ನದಲ್ಲ. 32 ಬಿಟ್‌ಗಳಲ್ಲಿ ಬರೆಯಬಹುದಾದ ವಿಳಾಸಗಳು 4,29,49,67,296. ಬೈಟಿಗೊಂದರಂತೆ ಹಂಚಿದರೆ 4 ಜಿಬಿಗೇ ಮುಗಿಯಿತು. ಅದರಲ್ಲೂ ಕೆಲವನ್ನು ಗ್ರಾಫಿಕ್ಸ್ ಮುಂತಾದ ಸಾಧನಗಳು ಹಿಡಿದುಕೊಂಡಿರುತ್ತವೆ. 64 ಬಿಟ್ ವಿಂಡೋಸನ್ನು ಹೊಸದಾಗಿಯೇ ಹಾಕಬೇಕು, ಇರುವುದರ ಮೇಲೆ ಅಪ್‌ಗ್ರೇಡ್ ಆಗದು. ಹಳೇ ನುಡಿ, ಬರಹ ಫೈಲುಗಳಿದ್ದರೆ ಮೊದಲು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ.

64 ಬಿಟ್ ಇದ್ದೂ ಅರ್ಧವೇ ಸಿಗುತ್ತಿದ್ದರೆ ಸ್ಟಾರ್ಟ್ ಮೆನುವಿನಲ್ಲಿ msconfig ಎಂದು ಟೈಪ್ ಮಾಡಿ ಎಂಎಸ್‌ಕಾನ್ಫಿಗ್ ತೆರೆಯಿರಿ. ಬೂಟ್ ಟ್ಯಾಬ್, ಅಡ್ವಾನ್ಸ್ಡ್ ಆಪ್ಶನ್ಸ್, ಅಲ್ಲಿ ಮ್ಯಾಕ್ಸಿಮಮ್ ಮೆಮೊರಿ ಎಂಬ ಚೌಕ. ಅದರಲ್ಲಿ ಟಿಕ್ ಇದ್ದರೆ ತೆಗೆದು ರೀಸ್ಟಾರ್ಟ್ ಮಾಡಿ. ನಾನೊಮ್ಮೆ ‘ಸ್ಪೀಡ್ ಹೆಚ್ಚಿಸುವ ಗುಟ್ಟು’ ಎಂಬ ವಿಡಿಯೊ ನಂಬಿ ಅಲ್ಲಿ ಟಿಕ್ ಹಾಕಿದ್ದೆ; ಸ್ಪೀಡೇನೂ ಹೆಚ್ಚಲಿಲ್ಲ. ವರ್ಷದ ನಂತರ ರ‍್ಯಾಮ್ ಹಾಕಿಸಿದಾಗ 4096 ಎಂಬಿಯ, ಅಂದರೆ 4 ಜಿಬಿಯ, ಆ ಬೇಲಿ ಹಾಗೇ ನಿಂತಿತ್ತು. ಬೈಸಿಕೊಂಡವರು ಅಂಗಡಿಯವರು.

ಟಿಕ್ ಇಲ್ಲದಿದ್ದರೆ ಬಯಾಸ್, ಅಂದರೆ ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡಿನ ಸ್ವಂತ ಸೆಟ್ಟಿಂಗ್ಸ್, ನೋಡಿ. ಆನ್ ಮಾಡುತ್ತಲೇ ಎಫ್2 ಅಥವಾ ಡಿಲೀಟ್ ಒತ್ತುತ್ತಿದ್ದರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ಹಳೇ ಬೋರ್ಡಾದರೆ ಮೆಮೊರಿ ರೀಮ್ಯಾಪ್ ಆಯ್ಕೆ ಆನ್ ಇರಲಿ. ಬಯಾಸ್‌ಗೇ 4 ಜಿಬಿ ಮಾತ್ರ ಕಂಡರೆ ಸ್ಕ್ರೂಡ್ರೈವರ್ ಹುಡುಕಿ.

ಪ್ಲಗ್ ಕೀಳಿ. ಪವರ್ ಬಟನ್ ಕೆಲ ಸೆಕೆಂಡು ಒತ್ತಿ ಹಿಡಿಯಿರಿ. ಕೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ. ರ‍್ಯಾಮ್ ಪಟ್ಟಿ, ಅಂದರೆ ಸ್ಟಿಕ್, ಕೂತಿರುವ ಸ್ಲಾಟಿನ ತುದಿಯ ಕ್ಲಿಪ್ ಸರಿಸಿ ಅದನ್ನು ಎತ್ತಿದರೆ ಕೆಳಗೆ ಚಿನ್ನದ ಬಣ್ಣದ ಹಲ್ಲುಗಳ ಸಾಲು. ಮಂಕಾಗಿದ್ದರೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ಕೊಡವಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಮತ್ತೆ ಕೂರಿಸುವಾಗ ನಡುವಿನ ಕಚ್ಚು ಹೊಂದಿಸಿ ಎರಡೂ ತುದಿ ಸಮನಾಗಿ ಒತ್ತಿ. ‘ಟಕ್’ ಎನ್ನದಿದ್ದರೆ ಕೂತಿಲ್ಲ ಎಂದೇ ಅರ್ಥ.

ಆಮೇಲೂ ಕಾಣದಿದ್ದರೆ ಒಂದೊಂದೇ ಸ್ಟಿಕ್ಕನ್ನು ಒಂದೊಂದೇ ಸ್ಲಾಟಿನಲ್ಲಿಟ್ಟು ಆನ್ ಮಾಡಿ. ಎಲ್ಲೂ ಏಳದ ಸ್ಟಿಕ್ ಕೆಟ್ಟಿರಬಹುದು, ಈ ಬೋರ್ಡಿಗೆ ಹೊಂದದೆಯೂ ಇರಬಹುದು. ವಾರಂಟಿ ಚೀಟಿ ತೆಗೆಯಿರಿ. ಸ್ಟಿಕ್ ಎರಡೂ ಚೆನ್ನಾಗಿದ್ದು ಒಂದು ಸ್ಲಾಟೇ ಸತ್ತಿದ್ದರೆ, ಬೋರ್ಡ್ ಒಪ್ಪುವುದಾದರೆ, ಉಳಿದ ಸ್ಲಾಟಿಗೆ 8 ಜಿಬಿಯ ಒಂಟಿ ಸ್ಟಿಕ್ ಹಾಕಿಸಿ. ಮದರ್‌ಬೋರ್ಡ್ ಬದಲಿಸುವ ಖರ್ಚು ಉಳಿಯುತ್ತದೆ.