.22 ಲಿವರ್ ರೈಫಲ್: ನಾನು ಆರಿಸಿದ ಬಗೆ

.22 ರೈಫಲ್ (0.22 ಇಂಚು ಅಳತೆಯ ಸಣ್ಣ ತೋಟಾ ಹೊಡೆಯುವಂಥದ್ದು) ಬೇಕು ಅಂತ ಟೆಕ್ಸಾಸ್‌ನಲ್ಲಿ ಯಾರನ್ನು ಕೇಳಿದರೂ ಮೊದಲು ಸಿಗುವ ಸಲಹೆ ಸೆಮಿ ಆಟೊಮ್ಯಾಟಿಕ್, ಅಂದರೆ ಒಂದು ಗುಂಡು ಹೊಡೆದ ಮೇಲೆ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವಂಥದ್ದು. ಬೇಗ ಹೊಡೆಯುತ್ತದೆ, ಬಿಡಿಭಾಗ ಎಲ್ಲೆಡೆ ಸಿಗುತ್ತವೆ. ಮಾತು ಸರಿಯೇ. ಆದರೆ ಬೇಗ ಹೊಡೆದು ನನಗೆ ಆಗಬೇಕಾದ್ದೇನೂ ಇರಲಿಲ್ಲ. ರಜೆಯ ದಿನ ಒಂದು ಡಬ್ಬಿ ತೋಟಾ ಇಟ್ಟುಕೊಂಡು ನಿಧಾನವಾಗಿ ಕೂರಬೇಕು, ಪ್ರತಿ ಗುಂಡಿಗೂ ಕೈಗೆ ಕೆಲಸ ಇರಬೇಕು. ಅದಕ್ಕೆ ಲಿವರ್ ಆಕ್ಷನ್: ಟ್ರಿಗರ್ ಸುತ್ತಲಿನ ಸನ್ನೆಯನ್ನು ಕೆಳಗೆ ಎಳೆದು ಮೇಲೆ ತಂದರೆ ಹಳೆಯ ತೋಟಾ ಹೊರಬಿದ್ದು ಹೊಸದು ಒಳಗೆ ಬರುತ್ತದೆ.

ನಾನು ಕೊಡಗಿನ ಕಡೆಯವನು. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುವುದನ್ನೂ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನೂ ನೋಡಿ ಬೆಳೆದವನು. ನಮಗೆ ಕೋವಿ ಅಂದರೆ ಹನ್ನೆರಡು ಬೋರಿನ ಜೋಡಿನಳಿಗೆ. ಅದು ಭುಜಕ್ಕೆ ಒದೆಯುತ್ತದೆ. .22 ಒದೆಯುವುದೇ ಇಲ್ಲ ಅನ್ನಬಹುದು.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮವರು ಹೆಚ್ಚಾಗಿ ಕೇಳುವುದು ಇದನ್ನೇ. ಗ್ರೀನ್ ಕಾರ್ಡ್ ಇದ್ದರೆ ರೈಫಲ್ ಕೊಳ್ಳಬಹುದು. ಅಂಗಡಿಯಲ್ಲಿ 4473 ನಮೂನೆ ತುಂಬಬೇಕು, ಅದರಲ್ಲಿ ಏಲಿಯನ್ ನಂಬರ್ ಬರೆಯಬೇಕು, ಆಮೇಲೆ ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಹಾಗಲ್ಲ. ಕೊಳ್ಳುವುದಿರಲಿ, ಗುಂಡು ಹೊಡೆಯುವ ಅಭ್ಯಾಸದ ರೇಂಜಿನಲ್ಲಿ ಬಾಡಿಗೆಗೆ ಪಡೆಯುವುದಕ್ಕೂ ಅಡ್ಡಿ ಇದೆ. ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿಯಂಥ ಕೆಲವು ದಾರಿಗಳಿವೆ, ಆದರೆ ಸುಮ್ನೆ ಯಾರದೋ ಮಾತು ನಂಬಿ ಹೋಗಬೇಡಿ. ವೀಸಾ ವಿಷಯ ಅಲ್ವಾ, ವಕೀಲರನ್ನು ಕೇಳಿ.

ನನ್ನ ಪಟ್ಟಿಯಲ್ಲಿ ಉಳಿದದ್ದು ಮೂರು. ಮಾರ್ಲಿನ್ 39ಎ, ಬ್ರೌನಿಂಗ್ ಬಿಎಲ್-22, ಹೆನ್ರಿ ಎಚ್001. ವಿಂಚೆಸ್ಟರ್ 9422 ಕೂಡ ಆಸೆ ಹುಟ್ಟಿಸುವ ಕೋವಿಯೇ, ಆದರೆ 2005ರಲ್ಲಿ ಅದರ ತಯಾರಿ ನಿಂತಿತು. ಈಗ ಅದಕ್ಕೆ ಸಂಗ್ರಹಕಾರರ ಬೆಲೆ. ಅಷ್ಟು ಕೊಟ್ಟು ತಂದರೆ ಗೀರು ಬಿದ್ದೀತೆಂದು ಹೊರಗೇ ತೆಗೆಯುವುದಿಲ್ಲ.

39ಎ ಕೈಗೆ ತೆಗೆದುಕೊಂಡರೆ ಉಕ್ಕಿನ ತೂಕ ಗೊತ್ತಾಗುತ್ತದೆ, ಸುಮಾರು ಆರೂವರೆ ಪೌಂಡ್. ಇದರ ವಂಶ 1891ರ ಮಾರ್ಲಿನ್‌ವರೆಗೆ ಹೋಗುತ್ತದೆ. ಪಕ್ಕದ ದೊಡ್ಡ ತಿರುಪನ್ನು ಬೆರಳಲ್ಲೇ ಸಡಿಲಿಸಿದರೆ ರೈಫಲ್ ಎರಡು ಭಾಗವಾಗುತ್ತದೆ, ನಳಿಗೆಯನ್ನು ಹಿಂದಿನಿಂದಲೇ ಶುಚಿ ಮಾಡಬಹುದು. ತಯಾರಿಕೆಯಲ್ಲಿ ಮೂರರಲ್ಲಿ ಇದೇ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸಿಗುವುದು ಹಳೆಯದೇ. ನಿಂತು ಹೊಡೆಯುವಾಗ ಉದ್ದ ನಳಿಗೆ ನನ್ನ ಎಡಗೈಯನ್ನು ಬೇಗ ದಣಿಸಿತು.

ಜಪಾನಿನಲ್ಲಿ ಮಿರೋಕು ತಯಾರಿಸುವ ಬಿಎಲ್-22ರ ಲಿವರ್ ಬರೀ 33 ಡಿಗ್ರಿ ತಿರುಗುತ್ತದೆ. ಟ್ರಿಗರ್ ಕೂಡ ಲಿವರ್ ಜೊತೆಗೇ ಕೆಳಗೆ ಹೋಗುತ್ತದೆ. ಹಿಡಿ ಬಿಡದೆ ಬೆರಳುಗಳನ್ನಷ್ಟೇ ಆಡಿಸಿದರೆ ಸಾಕು. ಜಾಣ ಕೆಲಸ. ಆದರೂ ನನಗೆ ಲಿವರ್ ಎಳೆದ ಹಾಗೆಯೇ ಅನ್ನಿಸಲಿಲ್ಲ. ಇದು ರುಚಿಯ ಮಾತು, ಕೋವಿಯ ದೋಷ ಅಲ್ಲ.

ಅಂಗಡಿಯಲ್ಲಿ ನೋಡುವ ಕ್ರಮ ಹೇಳುತ್ತೇನೆ. ಚೇಂಬರ್ (ತೋಟಾ ಕೂರುವ ಗೂಡು) ಖಾಲಿ ಇದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿ. ಮೂತಿ ಸುರಕ್ಷಿತ ದಿಕ್ಕಿಗಿರಲಿ. ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಆಮೇಲೆ ಕಣ್ಣು ಬಿಡಿ. ಹಿಂದಿನ, ಮುಂದಿನ ಸೈಟ್‌ಗಳು (ಗುರಿ ಹಿಡಿಯುವ ಗುರುತುಗಳು) ಒಂದೇ ಸಾಲಿಗೆ ಬಂದಿದ್ದರೆ ಹಿಡಿಕೆ ನಿಮ್ಮ ಅಳತೆಯದು. ಕೆನ್ನೆಯನ್ನು ಹಿಂದೆ ಮುಂದೆ ಹುಡುಕಾಡಿಸಬೇಕಾದರೆ ಅಲ್ಲ. ರೈಫಲನ್ನು ಭುಜದಿಂದ ಇಳಿಸದೆಯೇ ಲಿವರನ್ನು ಪೂರ್ತಿ ಎಳೆದು ನೋಡಿ. ಅಂಗಡಿಯವರನ್ನು ಕೇಳದೆ ಖಾಲಿ ಟ್ರಿಗರ್ ಎಳೆಯಬೇಡಿ. ರಿಮ್‌ಫೈರ್‌ನಲ್ಲಿ ಸಿಡಿಮದ್ದು ತೋಟಾದ ಅಂಚಿನೊಳಗೆ ಇರುತ್ತದೆ, ಪಿನ್ ಹೊಡೆಯುವುದೂ ಅಂಚಿಗೇ. ಅಲ್ಲಿ ತೋಟಾ ಇಲ್ಲದಿದ್ದರೆ, ಮುಖ್ಯವಾಗಿ ಹಳೆಯ ಕೋವಿಗಳಲ್ಲಿ, ಆ ಪೆಟ್ಟು ಚೇಂಬರಿನ ಬಾಯಿಗೆ ಬೀಳಬಹುದು.

ಕೊನೆಗೆ ತಂದದ್ದು ಹೆನ್ರಿ. 1860ರ ಪ್ರಸಿದ್ಧ ಹೆನ್ರಿ ರೈಫಲ್‌ಗೂ 1996ರಲ್ಲಿ ಶುರುವಾದ ಈ ಕಂಪನಿಗೂ ಹೆಸರಿನ ನಂಟಷ್ಟೇ. ಹೊರಗಿನ ಕವಚ ಉಕ್ಕಲ್ಲ, ಮಿಶ್ರಲೋಹ. ಅದು ಬೇಡ ಅನ್ನುವವರಿದ್ದಾರೆ. ನನಗೆ ಅದರಿಂದಾಗಿ ಐದೂಕಾಲು ಪೌಂಡಿನ ರೈಫಲ್ ಸಿಕ್ಕಿತು. ಲಿವರ್ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಆಡುತ್ತದೆ. ನಳಿಗೆಯ ಕೆಳಗಿನ ಕೊಳವೆಯಲ್ಲಿ .22 ಲಾಂಗ್ ರೈಫಲ್ ತೋಟಾ 15 ಹಿಡಿಸುತ್ತದೆ, ಗಿಡ್ಡ ಶಾರ್ಟ್ ತೋಟಾ ಆದರೆ 21.

ರೇಂಜಿನಲ್ಲಿ ಮೊದಲು 25 ಗಜದಲ್ಲಿ ಮರಳುಚೀಲದ ಮೇಲಿಟ್ಟು ಸೈಟ್ ಹೊಂದಿಸಿದೆ. ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಬೇಕು. ಎಡಬಲಕ್ಕೆ ಹಿತ್ತಾಳೆ ಪಂಚ್ ಇಟ್ಟು ಮೆಲ್ಲಗೆ ತಟ್ಟಿದರೆ ಆಯಿತು. ಆಮೇಲೆ 50 ಗಜ.

ತೋಟಾದ ವಿಷಯಕ್ಕೆ ಬಂದರೆ ರೈಫಲ್‌ನದೇ ಹಟ. ಸಿಸಿಐ ಮಿನಿ ಮ್ಯಾಗ್ ಸೆಕೆಂಡಿಗೆ 1235 ಅಡಿ ವೇಗದ್ದು. ಅದೇ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ 1070 ಅಡಿ, ಅಂದರೆ ಶಬ್ದದ ವೇಗಕ್ಕಿಂತ ಕಡಿಮೆ. ನನ್ನ ರೈಫಲ್‌ನಲ್ಲಿ ನಿಧಾನದ್ದೇ ಚೆನ್ನಾಗಿ ಗುಂಪು ಕಟ್ಟಿತು. ವೇಗದ್ದು ಚದುರಿತು, ದೊಡ್ಡ ಡಬ್ಬಿಯ ಅಗ್ಗದ ತೋಟಾ ಇನ್ನೂ ಜಾಸ್ತಿ. ನಿಮ್ಮದರಲ್ಲಿ ಉಲ್ಟಾ ಆಗಬಹುದು. ಹಾಗಾಗಿ ಮೊದಲೇ ಸಾವಿರ ತೋಟಾ ಕೊಳ್ಳಬೇಡಿ, ನಾಲ್ಕೈದು ಬಗೆಯ ಸಣ್ಣ ಡಬ್ಬಿ ತನ್ನಿ. ಲಿವರ್‌ನ ಲಾಭ ಗೊತ್ತಾಗುವುದು ಇಲ್ಲೇ. 710 ಅಡಿ ವೇಗದ ಕ್ವಯಟ್-22 ತೋಟಾ ಕೂಡ ಇದರಲ್ಲಿ ಸಲೀಸು. ಸೆಮಿ ಆಟೊಮ್ಯಾಟಿಕ್‌ನಲ್ಲಾದರೆ ಬೋಲ್ಟನ್ನು ಹಿಂದೆ ತಳ್ಳಲು ಅದಕ್ಕೆ ಶಕ್ತಿ ಸಾಲದೆ ಹೋಗಬಹುದು. ಇಲ್ಲಿ ತಳ್ಳುವುದು ನಮ್ಮ ಕೈ. ಗುಂಡು ಮಾತ್ರ ಕೆಳಗೆ ಬೀಳುತ್ತದೆ, ಗುರಿ ಎತ್ತರಿಸಬೇಕು.

ಟ್ರಿಗರ್ ಎಳೆದರೂ ತೋಟಾ ಹಾರದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯುತ್ತೇನೆ. ಆಮೇಲಷ್ಟೇ ಲಿವರ್ ಎಳೆದು ತೋಟಾ ಹೊರಗೆ ಹಾಕುವುದು.

ಖಾಲಿ ಮಾಡುವಾಗಲಂತೂ ಅವಸರ ಬೇಡವೇ ಬೇಡ. ಒಳಕೊಳವೆ ಹೊರಗೆಳೆದು ಉಳಿದ ತೋಟಾಗಳನ್ನು ಸುರಿದ ಮೇಲೂ ಒಂದು ಒಳಗೆ ಉಳಿದಿರಬಹುದು. ಲಿವರನ್ನು ಹಲವು ಸಲ ಆಡಿಸಿ, ಚೇಂಬರಿಗೆ ಬೆರಳು ಹಾಕಿ ನೋಡಿಯೇ ಚೀಲಕ್ಕೆ ಹಾಕುತ್ತೇನೆ. ಈ ಮಾದರಿಯಲ್ಲಿ ಬೇರೆ ಸೇಫ್ಟಿ ಗುಂಡಿ ಇಲ್ಲ, ಹ್ಯಾಮರನ್ನು, ಅಂದರೆ ಪಿನ್ನಿಗೆ ಬಡಿಯುವ ಭಾಗವನ್ನು, ಕಾಲುಭಾಗ ಹಿಂದಕ್ಕೆಳೆದ ಜಾಗದಲ್ಲಿ ನಿಲ್ಲಿಸುವುದೇ ಸೇಫ್ಟಿ.

ನಲವತ್ತೈದು ದಾಟಿದ ಕಣ್ಣಿಗೆ ಹಿಂದಿನ ಸೈಟ್ ಮಸುಕು. ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ನೋಡುವ ಸೈಟ್) ಹಾಕಿಸುವ ಯೋಚನೆಯಿದೆ. ಸ್ಕೋಪ್ (ದುರ್ಬೀನು) ಕೂರಿಸಲು ಮೇಲೆ ತೋಡು ಕೊಟ್ಟಿದ್ದಾರೆ, ಆದರೆ ಸ್ಕೋಪ್ ಬಂದರೆ ಹ್ಯಾಮರ್ ಮೇಲೆ ಹೆಬ್ಬೆರಳಿಗೆ ಜಾಗ ಕಿರಿದಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಲಿವರ್ ರೈಫಲ್ ಮೇಲೆ ಸ್ಕೋಪ್ ಯಾಕೋ ನನ್ನ ಕಣ್ಣಿಗೆ ಒಗ್ಗುವುದಿಲ್ಲ.