ಹಂಚಿನ ಮನೆಗೆ ಉಸಿರು ಮರಳಿಸಿದ್ದು

ಮಲೆನಾಡಿನ ಹಳೇ ಮನೆಗೆ ಬೂಷ್ಟು ಹಿಡಿದರೆ ಎಲ್ಲರೂ ಬೈಯುವುದು ಮಳೆಯನ್ನೇ. ಮೂಡಿಗೆರೆ ಸೀಮೆಯಲ್ಲಿ ವರ್ಷಕ್ಕೆ 2000 ಮಿ.ಮೀ. ದಾಟಿ ಸುರಿಯುತ್ತದೆ, ಬೈಯುವುದು ಸಹಜ ಬಿಡಿ. ಆದರೆ ಅಜ್ಜನ ಕಾಲದಲ್ಲೂ ಇದೇ ಆರಿದ್ರಾ, ಇದೇ ಪುನರ್ವಸು ಹಿಡಿದು ಜಡಿಯುತ್ತಿತ್ತು. ನಮ್ಮ ಮನೆಗೆ ಮುಗ್ಗಲು ವಾಸನೆ ಬಂದದ್ದು ‘ರಿಪೇರಿ’ ಆದಮೇಲೆ. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಎಮಲ್ಷನ್ ಪೇಂಟ್, ಹಂಚಿನಡಿ ಪಿವಿಸಿ ಸೀಲಿಂಗ್, ಮರದ ಕಿಟಕಿ ಹೋಗಿ ಅಲ್ಯುಮಿನಿಯಂ ಸ್ಲೈಡಿಂಗ್, ಸೌದೆ ಒಲೆ ಹೋಗಿ ಗ್ಯಾಸ್. ಒಂದೊಂದಾಗಿ ನೋಡಿದರೆ ಯಾವುದೂ ತಪ್ಪಲ್ಲ. ಎಲ್ಲ ಒಟ್ಟಿಗೆ ಸೇರಿ ಮನೆಯ ಉಸಿರು ಕಟ್ಟಿಸಿದ್ದವು.

ಖರ್ಚಿಗೆ ಕೈಹಾಕುವ ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಒಂದು ಗೇಣಗಲ ಕತ್ತರಿಸಿ, ಒರೆಸಿದ ಗೋಡೆಗೆ ನಾಲ್ಕೂ ಅಂಚು ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಫಾಯಿಲ್‌ನ ಹೊರಮೈ, ಅಂದರೆ ಕೋಣೆಯ ಕಡೆಯ ಮೈ, ಬೆವರಿದ್ದರೆ ಅದು ಕೋಣೆಯ ಗಾಳಿಯಲ್ಲಿರುವ ಆವಿ. ಗೋಡೆಗೆ ಅಂಟಿದ ಬೆನ್ನು ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿನದು. ನಮ್ಮಲ್ಲಿ ಮಲಗುವ ಕೋಣೆಯ ಬೀರು ಹಿಂದೆ ಹೊರಮೈ ಬೆವರಿತ್ತು, ಜಗುಲಿ ಪಕ್ಕದ ಕೋಣೆಯಲ್ಲಿ ಬೆನ್ನು ತೊಯ್ದಿತ್ತು. ಎರಡು ಕಾಯಿಲೆ, ಎರಡು ಮದ್ದು.

ಆವಿಯ ಲೆಕ್ಕ ಮೊದಲು. ಒಂದು ಕೆ.ಜಿ. ಗ್ಯಾಸ್ ಉರಿದರೆ ಸುಮಾರು 1.6 ಕೆ.ಜಿ. ನೀರು ಹುಟ್ಟುತ್ತದೆ. 14.2 ಕೆ.ಜಿ. ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರ್ ಮೇಲೆ ನೀರು ಆವಿಯಾಗಿ ಮನೆಯೊಳಗೆ ಸೇರಿರುತ್ತದೆ, ಅನ್ನದ ಗಂಜಿ, ಕಡುಬಿನ ಹಬೆ ಬೇರೆ. ಸೌದೆ ಒಲೆಯೂ ಆವಿ ಬಿಡುತ್ತಿತ್ತು, ಆದರೆ ಅದರ ಬಿಸಿ ಹೊಗೆಯ ಜೊತೆಗೆ ಆವಿಯನ್ನೂ ಹಂಚಿನ ಸಂದಿಯಿಂದ ಹೊರಗೆ ಎಳೆದೊಯ್ಯುತ್ತಿತ್ತು, ಅಟ್ಟದ ತೊಲೆಗಳನ್ನೂ ಒಣಗಿಸಿಡುತ್ತಿತ್ತು. ಈಗ ಒಲೆಯ ನೇರಕ್ಕೆ ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದೇವೆ, ಅಡುಗೆ ಮುಗಿದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತದೆ. ಹೊಸ ಗಾಳಿ ಬರಲಿ ಎಂದು ಬಾಗಿಲ ಅಡಿಯಲ್ಲಿ ಒಂದಂಗುಲ ಬಿಡಿಸಿದೆವು. ಬರುವ ದಾರಿ ಇಲ್ಲದಿದ್ದರೆ ಫ್ಯಾನ್ ಸುಮ್ಮನೆ ಗುಂಯ್‌ಗುಟ್ಟುತ್ತದೆ ಅಷ್ಟೆ. ಹಂಚಿನಡಿ ಗಾಳಿಯಾಡಲಿ ಎಂದು ಸೀಲಿಂಗ್‌ನ ಅಂಚಿನ ಪಟ್ಟಿ, ನೆತ್ತಿಯ ಪಟ್ಟಿ ಕಿತ್ತು, ಇಲಿ ಬಾವಲಿ ನುಗ್ಗದಂತೆ ಜಾಲರಿ ಹೊಡೆಸಿದೆವು.

ಇನ್ನು ಬಟ್ಟೆ. ಆಷಾಢದಲ್ಲಿ ಹಜಾರದ ತುಂಬ ತಂತಿ ಕಟ್ಟಿ ಒದ್ದೆ ಬಟ್ಟೆ ಹರವಿದರೆ ಅದರ ನೀರೆಲ್ಲ ಗೋಡೆ ಸೇರುತ್ತದೆ. ತಂತಿಯನ್ನು ಬಚ್ಚಲುಮನೆಗೆ, ಹಂಡೆ ಒಲೆಯ ಪಕ್ಕಕ್ಕೆ ಸಾಗಿಸಿದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದೆ. ಅದರ ಹಿಂದಿನ ಗೋಡೆಯಲ್ಲಿ ಹಸಿರು-ಬೂದು ಚುಕ್ಕೆಗಳು ಬೀರುವಿನ ಆಕಾರವನ್ನೇ ಬರೆದಿದ್ದವು.

‘ಮಳೆಗಾಲದಲ್ಲಿ ಕಿಟಕಿ ತೆಗೆದರೆ ತಂಡಿ ಒಳಗೆ ಬರುತ್ತದಲ್ಲ’ ಎಂದು ಕೇಳುವವರಿಗೆ: 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ಆವಿ ಹಿಡಿಯುತ್ತದೆ, 25 ಡಿಗ್ರಿಯಲ್ಲಿ 23 ಗ್ರಾಂ. ಹೊರಗಿನ ತೊಯ್ದ ಗಾಳಿಯೇ ಒಳಗೆ ಬಂದು ಐದು ಡಿಗ್ರಿ ಬೆಚ್ಚಗಾದರೆ ಅದರ ಆರ್ದ್ರತೆ ಶೇ. 75ರ ಹತ್ತಿರ ಇಳಿಯುತ್ತದೆ. ಬೂಷ್ಟು ಬೇರೂರುವುದು ಸಾಮಾನ್ಯವಾಗಿ ಶೇ. 80ರ ಮೇಲೆ. ಅಂದರೆ ಗಾಳಿಯೂ ಬೇಕು, ಸ್ವಲ್ಪ ಕಾವೂ ಬೇಕು. ಹಾಗೆಂದು ಬಾಗಿಲು ಹಾಕಿ ಕೆಂಡ ಇಟ್ಟು ಮಲಗಬೇಡಿ, ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತದೆ. ಕಾಫಿ ಬೀಜದ ತೇವ ಶೇ. 10ಕ್ಕೆ ಇಳಿಯಿತಾ ಎಂದು ಮೀಟರ್ ಹಿಡಿದು ನೋಡುವ ನಾವು ಮಲಗುವ ಕೋಣೆಗೆ ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ತೂಗುಹಾಕುವುದಿಲ್ಲ!

ಗೋಡೆಯೊಳಗಿನ ನೀರು ಹಠಮಾರಿ. ಅಂಗಳಕ್ಕೆ ವರ್ಷ ವರ್ಷ ಮಣ್ಣು ಹಾಕಿ ಹಾಕಿ, ಕೊನೆಗೆ ಕಾಂಕ್ರೀಟೂ ಸುರಿದು, ಹೊರಗಿನ ನೆಲ ಒಳಗಿನದಕ್ಕಿಂತ ಎತ್ತರವಾಗಿತ್ತು, ಇಳಿಜಾರೂ ಗೋಡೆಯ ಕಡೆಗೇ. ಕಾಂಕ್ರೀಟ್ ಒಡೆಸಿ, ನೆಲ ತಗ್ಗಿಸಿ, ಗೋಡೆಯಿಂದ ತುಸು ದೂರದಲ್ಲಿ ಚರಂಡಿ ತೋಡಿ, ತೂತಿನ ಪೈಪ್ ಮಲಗಿಸಿ ಜಲ್ಲಿ ತುಂಬಿದೆವು. ಗೋಡೆಯ ಪಾಯಕ್ಕಿಂತ ಆಳಕ್ಕೆ ಹೋಗಲಿಲ್ಲ, ಹೋದರೆ ಪಾಯವೇ ಸಡಿಲ. ಸೂರಿನ ನೀರಿಗೆ ದೋಣಿ ಕಟ್ಟಿಸಿದೆವು.

ಒಳಗೆ ಮೇಸ್ತ್ರಿಗೂ ನನಗೂ ಜಟಾಪಟಿ. ಅವನಿಗೆ ವಾಟರ್‌ಪ್ರೂಫ್ ಕೆಮಿಕಲ್ ಬಳಿಯುವ ಆಸೆ. ಬಳಿದರೆ ನೀರು ಅದರ ಹಿಂದೆ ಹತ್ತಿ ಇನ್ನೂ ಎರಡಡಿ ಮೇಲೆ ಹೊರಬರುತ್ತದೆ, ಅಷ್ಟೆ. ತೇವದ ಗುರುತಿಗಿಂತ ಒಂದಡಿ ಮೇಲಿನವರೆಗೆ ಸಿಮೆಂಟ್ ಕೆತ್ತಿಸಿದೆ. ಅಡಿಯ ಮಣ್ಣು ಉಗುರಿಗೆ ಹಿಟ್ಟಿನಂತೆ ಮೆತ್ತಿಕೊಂಡಿತು. ಬೇಸಿಗೆಯಿಡೀ ಬರಿಮೈ ಬಿಟ್ಟೆವು. ಮೇಲೆದ್ದ ಬಿಳಿ ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ಮೊರಕ್ಕೆ ಹಿಡಿದು ಹೊರಗೆಸೆಯಬೇಕು, ನೀರು ಹಾಕಿ ತೊಳೆದರೆ ಮತ್ತೆ ಒಳಗಿಳಿಯುತ್ತದೆ. ಆಮೇಲೆ ಅರಳಿಸಿ ಕೊಳೆಹಾಕಿದ ಸುಣ್ಣ ಒಂದಕ್ಕೆ ಮರಳು ಮೂರು ಸೇರಿಸಿ ತೆಳುವಾಗಿ ಎರಡು ಪದರ ಗಾರೆ, ಮೇಲೆ ಬರಿ ಸುಣ್ಣದ ಬಳಿತ. ಸುಣ್ಣದ ಗಾರೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ, ಒದ್ದೆ ಗೋಣಿ ಇಳಿಬಿಟ್ಟು ಕಾಯಬೇಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಮರೆಯಬೇಡಿ.

ಮೊದಲ ಮಳೆಗಾಲದಲ್ಲಿ ಸುಣ್ಣ ಅಲ್ಲಲ್ಲಿ ಉಪ್ಪೊಡೆದು ಉದುರಿತು, ಮತ್ತೆ ಬಳಿದೆವು. ಮುಗ್ಗಲು ವಾಸನೆ ಹೋಗಿದೆ, ಸೀರೆಗಳು ಬೀರುವಿನಲ್ಲೇ ಉಳಿಯುತ್ತವೆ. ಮನೆಯ ಹಿಂಬದಿಯ ಕೋಣೆ ಮಾತ್ರ ಬಗ್ಗಿಲ್ಲ. ಅದರ ಗೋಡೆಗೆ ದರೆಯ, ಅಂದರೆ ಗುಡ್ಡ ಕಡಿದ ಅಂಚಿನ, ಮಣ್ಣು ತಾಗಿಕೊಂಡೇ ಇದೆ. ದರೆ ಹಿಂದಕ್ಕೆ ಸರಿಸಿ ಕಲ್ಲು ಕಟ್ಟಿಸದ ಹೊರತು ಅಲ್ಲಿ ಯಾವ ಸುಣ್ಣವೂ ನಡೆಯುವುದಿಲ್ಲ. ಸದ್ಯಕ್ಕೆ ಅಲ್ಲಿ ಬಟ್ಟೆಬರೆ, ಪುಸ್ತಕ ಇಡುವುದಿಲ್ಲ, ಹಾರೆ ಗುದ್ದಲಿ ಇಡುತ್ತೇವೆ.